ಎಸ್ಕಾಂಡಿಡೋದ ಇರುವೆ, ಶಿರಸಿಯ ಚಗಳಿ

ಶಿರಸಿಯ ನಮ್ಮ ಮನೆಯ ಹಿಂದೆ ಎರಡು ಮಾವಿನ ಮರಗಳಿವೆ, ಎರಡರಲ್ಲೂ ಚಗಳಿ ಗೂಡು. ಗಾಳಿಗೆ ಕೊಂಬೆ ತಾಗಿದ ಕಡೆಯಲ್ಲೆಲ್ಲ ಈ ಮರದ ಕೆಂಪಿರುವೆ ಆ ಮರದ್ದನ್ನು ಕಚ್ಚಿ ಎಳೆಯುತ್ತಿತ್ತು. ಒಂದೇ ಜಾತಿ, ಒಂದೇ ಹಿತ್ತಿಲು, ಆದರೂ ವೈರ. ಇರುವೆಗಳ ಬಾಳೇ ಹೀಗೆಂದು ತಿಳಿದಿದ್ದೆ.

ಸ್ಯಾನ್ ಡಿಯಾಗೊ ಬಳಿಯ ಎಸ್ಕಾಂಡಿಡೋಗೆ ಬಂದ ಮೊದಲ ಬೇಸಿಗೆಯಲ್ಲೇ ಅಡುಗೆಮನೆಯ ಕಿಟಕಿಯಿಂದ ಬೆಲ್ಲದ ಡಬ್ಬಿಯವರೆಗೆ ಕಂದು ಸಾಲು ಕಟ್ಟಿತು. ಒಂದೊಂದೂ ಮೂರು ಮಿಲಿಮೀಟರ್ ಇದ್ದೀತು. "ಅರಿಶಿನ ಉದುರಿಸು, ಹೋಗುತ್ತವೆ" ಎಂದಳು ಆಯಿ ಫೋನಿನಲ್ಲಿ. ಉದುರಿಸಿದೆ. ಸಾಲು ಬಳಸಿಕೊಂಡು ಹೊಸ ದಾರಿ ಹಿಡಿಯಿತು.

ಇದು ಅರ್ಜೆಂಟೀನಾ ಇರುವೆ. ತವರಾದ ಪರಾನಾ ನದಿಯ ಬಯಲಿನಲ್ಲಿ ಇವೂ ನೆರೆಯ ಬಳಗದೊಡನೆ ಕಾದಾಡುತ್ತವೆ. ಇರುವೆ ತನ್ನವರನ್ನು ಗುರುತಿಸುವುದು ಮೈಮೇಲಿನ ಮೇಣದಂಥ ಲೇಪದ ವಾಸನೆಯಿಂದ. ಮನುಷ್ಯರ ಸರಕಿನೊಡನೆ ಕ್ಯಾಲಿಫೋರ್ನಿಯಾ ಸೇರಿ, 1907ರಲ್ಲಿ ಇಲ್ಲಿ ಮೊದಲು ದಾಖಲಾದ ಇರುವೆಗಳ ಸಂತತಿಯಲ್ಲಿ ಬಹುಪಾಲಿಗೆ ಆ ವಾಸನೆ ಒಂದೇ. ಸ್ಯಾನ್ ಡಿಯಾಗೊದ ಇರುವೆಯನ್ನು ಸ್ಯಾನ್ ಫ್ರಾನ್ಸಿಸ್ಕೋದ್ದರ ಪಕ್ಕ ಬಿಟ್ಟರೆ ಮೀಸೆ ತಾಗಿಸಿ ಸುಮ್ಮನಾಗುತ್ತವೆ. ಸುಮಾರು 900 ಕಿ.ಮೀ. ಉದ್ದದ ಒಂದೇ ಸಂಸಾರ. ಕಾರವಾರದ ಇರುವೆ ಕನ್ಯಾಕುಮಾರಿಯದನ್ನು ಮನೆಯವರೆಂದು ಬಗೆದಂತೆ! ದಕ್ಷಿಣ ಯುರೋಪಿನಲ್ಲಿ ಇಟಲಿಯಿಂದ ಸ್ಪೇನಿನ ಅಟ್ಲಾಂಟಿಕ್ ದಂಡೆಯವರೆಗೆ 6,000 ಕಿ.ಮೀ. ಹಬ್ಬಿದ ಬಳಗವನ್ನು 2002ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಒಂದೊಂದು ಗೂಡಿನಲ್ಲಿ ಹಲವು ರಾಣಿಯರು. ನಮ್ಮಲ್ಲಿ ಮಳೆಗಾಲದ ಸಂಜೆ ರೆಕ್ಕೆ ಬಡಿದು ಏಳುವಂತೆ ಈ ರಾಣಿ ಹಾರುವುದಿಲ್ಲ. ಕೆಲಸಗಾರ ಇರುವೆಗಳೊಡನೆ ನಡೆದುಹೋಗಿ ಪಕ್ಕದಲ್ಲೇ ಬಿಡಾರ ಹೂಡುತ್ತಾಳೆ. ಒಳಜಗಳದಲ್ಲಿ ಸಾಯಬೇಕಿದ್ದ ಜೀವಗಳೆಲ್ಲ ಆಹಾರ ತರಲು, ಮರಿ ಸಾಕಲು ಉಳಿಯುತ್ತವೆ. ಅಷ್ಟು ಸಂಖ್ಯೆಯ ಎದುರು ಇಲ್ಲಿನ ಮೂಲ ಇರುವೆಗಳು ನಿಲ್ಲಲಾರವು. ಅವುಗಳನ್ನೇ ತಿಂದು ಬದುಕುವ ಕೊಂಬಿನ ಹಲ್ಲಿಗೂ ಕುತ್ತು ಬಂದಿದೆ. ನಮ್ಮ ಅಂಗಳದಲ್ಲಿ ಗೊದ್ದ, ಕಟ್ಟಿರುವೆ, ಚಗಳಿ ಎಲ್ಲಕ್ಕೂ ಜಾಗವಿದೆ. ಇಲ್ಲಿ ನನ್ನ ಹಿತ್ತಿಲಿನ ಯಾವ ಕಲ್ಲೆತ್ತಿದರೂ ಇದೊಂದೇ. ನನಗೆ ಅದು ಸಂಕಟ.

ಆದರೆ ಇದೇ ಸೀಮೆಯ ಹಾಜಸ್ ಕೆರೆಯ ಸುತ್ತ ಇನ್ನೊಂದು ಬಳಗವಿದೆ. ಜಾತಿ ಇದೇ, ವಾಸನೆ ಬೇರೆ. ಎರಡೂ ಸಂಧಿಸುವ ಗಡಿಯಲ್ಲಿ ಸತ್ತ ಇರುವೆಗಳು ರಾಶಿ ಬೀಳುತ್ತವೆ. ಅದನ್ನು ಓದಿದ ದಿನ ಹಿತ್ತಿಲಿನ ಆ ಮಾವಿನ ಕೊಂಬೆಗಳೇ ಕಣ್ಣ ಮುಂದೆ ಬಂದವು.

ಕಳೆದ ವಾರ ಆಯಿಯನ್ನು ಕೇಳಿದೆ, ಮರದಲ್ಲಿ ಚಗಳಿ ಇವೆಯೇ ಎಂದು.

"ಇವೆ ತಮ್ಮಾ. ಕಾಯಿ ಕೊಯ್ಯಲು ಹತ್ತಿದವನು ಅರ್ಧಕ್ಕೇ ಇಳಿದ."

"ಎರಡೂ ಮರದಲ್ಲಿಯೋ?"

"ಎರಡರಲ್ಲೂ."