ಅಕ್ಕೋರು ನಡುವೆ ಬಾಯಿ ಹಾಕಿದ ದಿನ

ಶಿರಸಿ ಸಮೀಪದ ಸಮುದಾಯ ಬಾನುಲಿ ಕೇಂದ್ರವೊಂದರಲ್ಲಿ ಕಾರ್ಯಕ್ರಮ ಸಂಯೋಜಕನಾಗಿರುವ ನನಗೆ ಸಂಬಳದ ಸಹೋದ್ಯೋಗಿಗಳು ಇಬ್ಬರೇ; ಉಳಿದ ಕೆಲಸವನ್ನೆಲ್ಲ ಸ್ವಯಂಸೇವಕರು, ಅವರಲ್ಲೂ ಹೆಚ್ಚಾಗಿ ನಿವೃತ್ತ ದಂಪತಿಗಳು ನಡೆಸಿಕೊಡುತ್ತಾರೆ. ನಿಯಮದಂತೆ ಪ್ರಸಾರದ ಅರ್ಧದಷ್ಟಾದರೂ ಸ್ಥಳೀಯವಾಗಿಯೇ ತಯಾರಾಗಬೇಕು, ಸುದ್ದಿಯನ್ನು ನಾವೇ ಸಿದ್ಧಪಡಿಸಿ ಓದುವಂತಿಲ್ಲ. ಆದ್ದರಿಂದ ದಿನದಿನವೂ ಊರಿನ ಮಾತೇ ಬೇಕು. 100 ವ್ಯಾಟ್‌ನ ಮಿತಿಯೊಳಗೆ ನಮ್ಮ ಧ್ವನಿ ತಲುಪುವುದು ಹೆಚ್ಚೆಂದರೆ 10-15 ಕಿಲೋಮೀಟರ್. ಘಟ್ಟದ ಕಣಿವೆಗಳಲ್ಲಿ ಅಷ್ಟೂ ಇಲ್ಲ.

ಅಂಥ ಒಂದು ಜೋಡಿಯಲ್ಲಿ ಗಂಡ-ಹೆಂಡತಿ ಇಬ್ಬರೂ ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಮಾಸ್ತರ್ರು ಮತ್ತು ಅಕ್ಕೋರು. ಇಬ್ಬರನ್ನು ಒಂದೇ ಕಾರ್ಯಕ್ರಮದಲ್ಲಿ ಕೂರಿಸುವುದು ದಂಡವೆಂದು ಲೆಕ್ಕ ಹಾಕಿದ ನಾನು, ಮಾಸ್ತರರಿಗೆ ಸೋಮವಾರದ ಕೃಷಿ, ಅಕ್ಕೋರಿಗೆ ಗುರುವಾರದ ಅಡುಗೆ ಎಂದು ಹಂಚಿ, ಓದುವುದಕ್ಕೆ ಬರಹವನ್ನೂ ಸಿದ್ಧಪಡಿಸಿಕೊಟ್ಟೆ. ಮಾಸ್ತರರು ಅದನ್ನು ಉಕ್ತಲೇಖನ ಕೊಟ್ಟಂತೆ ಓದಿದರು. ಪ್ರತಿ ಪೂರ್ಣವಿರಾಮದಲ್ಲಿ ಮಕ್ಕಳು ಬರೆದು ಮುಗಿಸಲೆಂದು ಕಾಯುವಷ್ಟು ಮೌನ. ಅಕ್ಕೋರು ಹದಿನೈದು ನಿಮಿಷದ ಮಾತನ್ನು ಒಂಬತ್ತಕ್ಕೆ ಮುಗಿಸಿ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದರು. ಬಸ್ಸಿಗೆ ಇಬ್ಬರೂ ಜೊತೆಯಲ್ಲೇ ಬರುತ್ತಿದ್ದುದರಿಂದ ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಜಗುಲಿಯಲ್ಲಿ ಸುಮ್ಮನೆ ಕಾಯುತ್ತಿದ್ದರು.

ಅಡಿಕೆಯ ಕೊಳೆ ರೋಗದ ಕಾರ್ಯಕ್ರಮವನ್ನು ಮಳೆಗಾಲಕ್ಕೆ ಮೊದಲೇ ಧ್ವನಿಮುದ್ರಿಸುತ್ತಿದ್ದೆವು. ಜಗುಲಿಯ ಸೆಕೆ ತಾಳಲಾರದೆ ಅಕ್ಕೋರೂ ಒಳಬಂದು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು. ಕೊಳೆಗೆ ಸಿಂಪಡಿಸುವ ಮದ್ದಾದ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಬೇರೆ 50 ಲೀಟರ್‌ನಲ್ಲಿ ಎಂದು ಓದಿದ ಮಾಸ್ತರರು, ತುತ್ತದ ನೀರಿಗೆ ಸುಣ್ಣದ ನೀರನ್ನು ಹೊಯ್ಯಿರಿ ಎಂದೊಡನೆ ಮೂಲೆಯಿಂದ ದನಿ ಬಂತು: “ಹಂಗಲ್ಲ, ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯವು.” ಬರೆದಿದ್ದೇ ಹೀಗೆ ಎಂದು ಮಾಸ್ತರರು ಕಾಗದ ತೋರಿಸಿದರು. ಬರೆದವನು ನಾನು, ತಿರುಗುಮುರುಗಾಗಿ ಬರೆದಿದ್ದೆ. ಅಕ್ಕೋರು ನಿಲ್ಲಲಿಲ್ಲ. ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡಬೇಕು, ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ತಿಳಿದು ಮತ್ತಷ್ಟು ಸೇರಿಸಬೇಕು, ಇಲ್ಲದಿದ್ದರೆ ಎಳೆಯ ಅಡಿಕೆ ಗೊನೆಗಳು ಸುಡುತ್ತವೆ ಎಂದರು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಕಾಯುತ್ತಿದ್ದಾನೆಂಬ ಅವಸರದಲ್ಲಿ ಒಂದು ವರ್ಷ ಕತ್ತಿ ಅದ್ದದೆಯೇ ಮದ್ದು ಹೊಡೆಸಿದ್ದು ಯಾರೆಂಬ ಜಗಳ ಅಲ್ಲಿಂದ ಆರಂಭವಾಯಿತು. ನಿಲ್ಲಿಸಲೆಂದು ಎತ್ತಿದ ಕೈಯನ್ನು ನಾನು ಹಾಗೆಯೇ ಇಳಿಸಿದೆ.

ಅದನ್ನು ಕತ್ತರಿಸದೆ ಪ್ರಸಾರ ಮಾಡಿದೆವು. ಕರೆ ಮಾಡಿದವರು ಸುಣ್ಣದ ಬಗ್ಗೆ, ಕತ್ತಿಯ ಬಗ್ಗೆ ಕೇಳಿದರು. ಒಬ್ಬರಿಗಂತೂ ಆ ವರ್ಷದ ತಪ್ಪು ಯಾರದೆಂಬುದಷ್ಟೇ ಬೇಕಿತ್ತು. ಪ್ರಸಾರವಾದದ್ದನ್ನು ಮೂರು ತಿಂಗಳು ಕಾದಿಡಬೇಕೆಂಬ ನಿಯಮವಿರುವುದರಿಂದ ಹಳೆಯ ಧ್ವನಿಮುದ್ರಣಗಳು ಕೈಗೆಟುಕುವಂತಿದ್ದವು. ಒಬ್ಬೊಬ್ಬರೇ ಓದಿದವುಗಳನ್ನು ಮತ್ತೆ ಕೇಳಿದಾಗ ನನಗೇ ಬೇಸರವಾಯಿತು.

ಈಗ ದಂಪತಿಗಳನ್ನು ವೇಳಾಪಟ್ಟಿಯಲ್ಲಿ ಒಂದೇ ಹೆಸರಾಗಿ ಬರೆಯುತ್ತೇನೆ. ಇದರಿಂದ ಒಬ್ಬರಿಗೆ ಜ್ವರ ಬಂದರೆ ಇಬ್ಬರೂ ತಪ್ಪುತ್ತಾರೆ, ಆ ತೊಂದರೆ ಹಾಗೆಯೇ ಇದೆ. ಹೆಂಡತಿಗೆ ಬಾಯಿ ತೆರೆಯಲು ಬಿಡದ ಯಜಮಾನರೂ ಒಬ್ಬರಿದ್ದಾರೆ. ಆ ಜೋಡಿಯನ್ನು ಮಾತ್ರ ಇಂದಿಗೂ ಬೇರೆಬೇರೆಯಾಗಿಯೇ ಕೂರಿಸುತ್ತೇನೆ. ಪೂರ್ಣ ಬರಹದ ಬದಲು ಅಂಕಿ-ಅಳತೆಗಳ ಚೀಟಿಯನ್ನಷ್ಟೇ ಕೊಡುತ್ತೇನೆ, ಅದನ್ನೂ ಮೊದಲು ಅಕ್ಕೋರಿಗೆ ತೋರಿಸಿದ ಮೇಲೆ.