ಭೌತಶಾಸ್ತ್ರದ ತರಗತಿಯಲ್ಲಿ ಸ್ಪಿಟ್‌ಫೈರ್

ನಮ್ಮ ಭೌತಶಾಸ್ತ್ರದ ಮೇಷ್ಟರು ನ್ಯೂಟನ್ನನ ಮೂರನೆಯ ನಿಯಮವನ್ನು ಕಲಿಸಿದ್ದು ಎರಡನೆಯ ಮಹಾಯುದ್ಧದ ವಿಮಾನಗಳನ್ನು ಬೀಳಿಸಿ ಬೀಳಿಸಿ. ಪಠ್ಯದಲ್ಲಿದ್ದ ಬಂದೂಕು, ದೋಣಿಗಳ ಉದಾಹರಣೆಗಳನ್ನು "ಮನೆಯಲ್ಲಿ ಓದಿಕೊಳ್ಳಿ" ಎಂದು ಬದಿಗೆ ಸರಿಸಿ, ಕಪ್ಪುಹಲಗೆಯ ಮೇಲೆ ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ಉದ್ದ ಮೂತಿ ಬರೆಯುತ್ತಿದ್ದರು. ಅದರ ಮರ್ಲಿನ್ ಎಂಜಿನ್ನಿನ ಪ್ರೊಪೆಲರ್, ಚಾಲಕನ ಕಡೆಯಿಂದ ನೋಡಿದರೆ, ಬಲಕ್ಕೆ ತಿರುಗುತ್ತದೆ. ಅದಕ್ಕೆ ಪ್ರತಿಕ್ರಿಯೆಯಾಗಿ ಒಡಲು ಎಡಕ್ಕೆ ವಾಲಲು ನೋಡುತ್ತದೆ. ಪ್ರೊಪೆಲರ್ ಹಿಂದಕ್ಕೆ ತಳ್ಳುವ ಗಾಳಿಯೂ ಸುರುಳಿಯಾಗಿ ಬಂದು ಬಾಲಕ್ಕೆ ಬಡಿದು ಮೂತಿಯನ್ನು ಎಡಕ್ಕೇ ಎಳೆಯುತ್ತದೆ. ಹಾಗಾಗಿ ನೆಲ ಬಿಡುವಾಗ, ಬಾಲದ ಚುಕ್ಕಾಣಿಯನ್ನು ಬಲಕ್ಕೆ ತಿರುಗಿಸುವ ಬಲಗಾಲಿನ ಪೆಡಲ್ ಒತ್ತಿ ಹಿಡಿಯಬೇಕು. ಇಷ್ಟನ್ನು ಹೇಳಿ, ಕಾಲಿಗೆ ಅದು ರೂಢಿಯಾದ ಚಾಲಕನಿಗೆ ಗ್ರಿಫನ್ ಎಂಜಿನ್ನಿನ ಹೊಸ ಸ್ಪಿಟ್‌ಫೈರ್ ಕೊಟ್ಟರೆ ಏನಾಗುತ್ತದೆ ಎಂದು ಕೇಳುತ್ತಿದ್ದರು. ಗ್ರಿಫನ್ ತಿರುಗುವುದು ಎಡಕ್ಕೆ. ಹಳೆಯ ಅಭ್ಯಾಸದಂತೆ ಬಲಗಾಲು ಒತ್ತಿದರೆ ವಿಮಾನ ಇನ್ನಷ್ಟು ಬಲಕ್ಕೆ ನುಗ್ಗುತ್ತದೆ. ಮೊದಲ ಬೆಂಚಿನವನನ್ನು ಕುರ್ಚಿಯಲ್ಲಿ ಕೂರಿಸಿ, "ಎಂಜಿನ್ ಬದಲಾಯಿತಪ್ಪಾ, ಈಗ ಯಾವ ಕಾಲು?" ಎಂದು ಗದರಿದಾಗ ಅವನು ಎರಡೂ ಕಾಲು ಒತ್ತಿದ್ದು ನಮ್ಮ ತಂಡದವರಿಗೆಲ್ಲ ನೆನಪಿರಬಹುದು.

ಶತ್ರುವನ್ನು ಕಾಣುವ ಮೊದಲೇ ಸತ್ತವರ ಲೆಕ್ಕವನ್ನೂ ಅವರೇ ಹೇಳಿದ್ದು. 1941ರ ಡಿಸೆಂಬರ್‌ನಿಂದ 1945ರ ಆಗಸ್ಟ್‌ವರೆಗೆ ಅಮೆರಿಕದ ಸೇನಾ ವಾಯುಪಡೆ ತನ್ನ ನಾಡಿನ ಮೇಲೆಯೇ ವಿಮಾನ ಅಪಘಾತಗಳಲ್ಲಿ ಕಳೆದುಕೊಂಡವರು ಸುಮಾರು 15,000 ಮಂದಿ. ಬಹುಪಾಲು ನಮಗಿಂತ ಎರಡು ಮೂರು ವರ್ಷ ದೊಡ್ಡ ಹುಡುಗರು. ಅಂಕಿಯನ್ನು ಒಮ್ಮೆ ಹೇಳಿ ಮುಂದೆ ಹೋದರು. ಕರುಣಾಜನಕವಾಗಿ ಮಾತನಾಡುವುದು ಅವರ ಜಾಯಮಾನವಲ್ಲ.

ಅವರಿಗೆ ಬೇಕಾಗಿದ್ದದ್ದು ಕಾರಣ. "ಚಾಲಕನ ತಪ್ಪು" ಎಂಬ ವರದಿ ಓದಿದರೆ ಮುಖ ಸಿಂಡರಿಸುತ್ತಿದ್ದರು. ಒಂದು ದಿನ ಹಲಗೆಯೊಂದಕ್ಕೆ ಒಂದೇ ತೆರನಾದ ಎರಡು ಮರದ ಹಿಡಿಗಳನ್ನು ಅಕ್ಕಪಕ್ಕ ಬಡಿದು ತಂದು, ಒಬ್ಬಳ ಕಣ್ಣಿಗೆ ಕರವಸ್ತ್ರ ಕಟ್ಟಿ, "ಎಡದ್ದು ಚಕ್ರ, ಬಲದ್ದು ಫ್ಲ್ಯಾಪ್, ಅಂದರೆ ಇಳಿಯುವಾಗ ಬಾಗಿಸುವ ರೆಕ್ಕೆಯ ಹಿಂದಿನ ಪಟ್ಟಿ" ಎಂದು ಹೇಳಿಕೊಟ್ಟು, ಬಿಡುವಿಲ್ಲದೆ ಅಪ್ಪಣೆ ಕೊಡತೊಡಗಿದರು. ಸ್ವಲ್ಪ ಹೊತ್ತಿನಲ್ಲೇ ಅವಳು ಫ್ಲ್ಯಾಪ್ ಬದಲು ಚಕ್ರ ಮಡಚಿದಳು. ನಿಜವಾಗಿ ನಡೆದದ್ದೂ ಅದೇ. ಪಿ-47 ಯುದ್ಧವಿಮಾನದಲ್ಲಿ, ಬಿ-17, ಬಿ-25 ಬಾಂಬರುಗಳಲ್ಲಿ ಸುರಕ್ಷಿತವಾಗಿ ಇಳಿದ ಮೇಲೆ ಚಾಲಕರು ಚಕ್ರಗಳನ್ನು ಮಡಚಿ ಹೊಟ್ಟೆಯ ಮೇಲೆ ಕುಸಿಯುತ್ತಿದ್ದರು. ಸಿ-47 ಸಾಗಣೆ ವಿಮಾನದವರು ಮಾತ್ರ ಹಾಗೆ ಮಾಡುತ್ತಿರಲಿಲ್ಲ. ಅಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಚಾಲಕರನ್ನು ಬಿಟ್ಟು ಕಾಕ್‌ಪಿಟ್ ನೋಡಿದ: ಎರಡು ಹಿಡಿಗಳೂ ಒಂದೇ ರೂಪದವು, ಒಂದರ ಪಕ್ಕ ಒಂದು. ಒಂದಕ್ಕೆ ಸಣ್ಣ ರಬ್ಬರ್ ಚಕ್ರ, ಇನ್ನೊಂದಕ್ಕೆ ಬೆಣೆಯಾಕಾರದ ತುಂಡು ಸಿಕ್ಕಿಸಿದ ಮೇಲೆ ಕೈಗೇ ಗೊತ್ತಾಗತೊಡಗಿತು. ಮೇಷ್ಟರೂ ತಮ್ಮ ಹಿಡಿಗಳಿಗೆ ಹಾಗೆಯೇ ಸಿಕ್ಕಿಸಿ ಪರೀಕ್ಷೆ ಮುಂದುವರಿಸಿದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಕೊರ್ಸೇರ್ ಕಥೆಯನ್ನು ಅವರು ನಗುತ್ತಾ ಹೇಳುತ್ತಿದ್ದರು. ಅಮೆರಿಕದ ನೌಕಾಪಡೆಯ ಆ ವಿಮಾನ ಇಳಿಯುವಾಗ ವೇಗ ತಗ್ಗಿದರೆ ಎಡರೆಕ್ಕೆ ತಟ್ಟನೆ ಎತ್ತುಬಲ ಕಳೆದುಕೊಂಡು ಬೀಳುತ್ತಿತ್ತು. ಎಂಜಿನಿಯರುಗಳು ಎಡರೆಕ್ಕೆಯನ್ನು ಮುಟ್ಟಲಿಲ್ಲ. ಬಲರೆಕ್ಕೆಯ ಮುಂದಿನ ಅಂಚಿಗೆ ಸಣ್ಣದೊಂದು ಪಟ್ಟಿ ಅಂಟಿಸಿ ಅದನ್ನೂ ಅಷ್ಟೇ ಕೆಡಿಸಿದರು. ಎರಡೂ ಒಟ್ಟಿಗೆ ಸೋತರೆ ವಿಮಾನ ಮಗುಚುವುದಿಲ್ಲವಲ್ಲ!

ಇಂಥ ಪಾಠಗಳಿಂದ ಪಠ್ಯಭಾಗ ಮುಗಿಯದೆ ಕೊನೆಗೆ ಭಾನುವಾರಗಳಲ್ಲೂ ತರಗತಿಗೆ ಬರಬೇಕಾಯಿತು, ಅದು ಬೇರೆ ಮಾತು.

ಮೇಷ್ಟರ ಜೊತೆ ನನಗೆ ಒಂದು ತಕರಾರಿದೆ. ಎಲ್ಲ ಅಪಘಾತಕ್ಕೂ ಯಂತ್ರದಲ್ಲೇ ಕಾರಣ ಹುಡುಕುವ ಹಟ ಅವರದು. ಜರ್ಮನಿಯ ಕಥೆ ಓದಿದ ಮೇಲೆ ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. 1942-43ರ ಚಳಿಗಾಲದಲ್ಲಿ ರಷ್ಯಾದ ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದ ತಮ್ಮ ಸೈನ್ಯಕ್ಕೆ ಸಾಮಗ್ರಿ ಸಾಗಿಸಲು ತರಬೇತಿ ಶಾಲೆಗಳಿಂದ ವಿಮಾನಗಳನ್ನೂ ಬೋಧಕರನ್ನೂ ಎತ್ತಿಕೊಂಡು ಹೋದರು. ಆಮೇಲೆ ಇಂಧನದ ಬರ ಬಂತು. 1944ರ ಹೊತ್ತಿಗೆ ಅಲ್ಲಿನ ಹೊಸ ಚಾಲಕನಿಗೆ ಸಿಗುತ್ತಿದ್ದ ಹಾರಾಟದ ಗಂಟೆಗಳು ಎದುರಾಳಿಗಳಿಗೆ ಸಿಗುತ್ತಿದ್ದುದರ ಅರ್ಧದಷ್ಟೂ ಇರಲಿಲ್ಲ. ಅಂಥವನನ್ನು, ನೆಲ ಬಿಡುವಾಗ ಇಳಿಯುವಾಗ ಪಳಗಿದವರಿಗೇ ಬಗ್ಗದ ಮೆಸರ್‌ಸ್ಮಿಟ್ 109 ಯುದ್ಧವಿಮಾನದಲ್ಲಿ ಕೂರಿಸಿದರೆ, ಹಿಡಿಗೆ ಯಾವ ಆಕಾರ ಕೊಟ್ಟು ಏನು ಪ್ರಯೋಜನ? ಅವಸರ ಮಾಡಿದ ಸೇನಾಧಿಕಾರಿಗಳದೇ ತಪ್ಪು ಎನ್ನುತ್ತೇನೆ ನಾನು. ಮೇಷ್ಟರಾದರೆ ಇದನ್ನೆಲ್ಲ ಕೇಳಿಸಿಕೊಂಡು, ಆ ವಿಮಾನದ ಎರಡು ಚಕ್ರಗಳ ನಡುವೆ ಜಾಗ ಅಷ್ಟು ಕಿರಿದಾಗಿ ಯಾಕಿತ್ತು, ಮೊದಲು ಅದನ್ನು ಹೇಳು ಎನ್ನುತ್ತಿದ್ದರು.