ನಮೀಬಿಯಾಕ್ಕೆ ಚೀತಾ ಕೆಲಸಕ್ಕೆ ಹೊರಟಿದ್ದೀರಾ?

ಚೀತಾ ಮರಿಯನ್ನು ತೊಡೆ ಮೇಲೆ ಕೂರಿಸಿಕೊಂಡು ಫೋಟೊ ತೆಗೆಸಿಕೊಳ್ಳುವ ಆಸೆ ಇದ್ದರೆ ಈ ಪ್ರವಾಸ ನಿಮಗಲ್ಲ. ಇಲ್ಲಿ ಸ್ವಯಂಸೇವಕರಾಗಿ ನೀವೇ ದುಡ್ಡು ಕೊಟ್ಟು ಆವರಣ ಗುಡಿಸುತ್ತೀರಿ, ಮಾಂಸ ತೂಗುತ್ತೀರಿ, ಆಡಿನ ಹಟ್ಟಿಯಲ್ಲಿ ಗೊಬ್ಬರ ಬಾಚುತ್ತೀರಿ.

ನಾನು ಹೋಗಿದ್ದು ಓಟ್ಜಿವರೊಂಗೊ ಊರಿನ ಹತ್ತಿರವಿರುವ ಚೀತಾ ಕನ್ಸರ್ವೇಶನ್ ಫಂಡ್‌ಗೆ. ಅಮೆರಿಕದ ಪ್ರಾಣಿತಜ್ಞೆ ಲಾರಿ ಮಾರ್ಕರ್ ಚೀತಾಗಳನ್ನು ಉಳಿಸಲೆಂದು 1990ರಲ್ಲಿ ಕಟ್ಟಿದ ಸಂಸ್ಥೆ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಮಧ್ಯಪ್ರದೇಶದ ಕುನೊ ನ್ಯಾಷನಲ್ ಪಾರ್ಕಿಗೆ ಎಂಟು ಚೀತಾ ಬಂದವಲ್ಲ, ಅದರ ಹಿಂದೆಯೂ ಇವರ ಕೆಲಸವಿದೆ.

ನಮೀಬಿಯಾದ ಚೀತಾಗಳು ಹೆಚ್ಚಾಗಿ ಇರುವುದು ನ್ಯಾಷನಲ್ ಪಾರ್ಕಿನಲ್ಲಿ ಅಲ್ಲ, ಜಾನುವಾರು ಸಾಕುವ ಫಾರ್ಮುಗಳಲ್ಲಿ. ಪಾರ್ಕಿನಲ್ಲಿ ಸಿಂಹ, ಕತ್ತೆಕಿರುಬಗಳ ಕಾಟ. ಹಿಡಿದ ಬೇಟೆಯೂ ಬಾಯಿಗೆ ದಕ್ಕುವುದಿಲ್ಲ. ಫಾರ್ಮಿಗೆ ಬಂದರೆ ರೈತನ ಬಂದೂಕು. ಅದಕ್ಕೇ 1994ರಿಂದ ಟರ್ಕಿ ಮೂಲದ ದೊಡ್ಡ ಕಾವಲು ನಾಯಿಗಳನ್ನು ಸಾಕಿ ರೈತರಿಗೆ ಕೊಡುತ್ತಿದ್ದಾರೆ. ಮರಿಯಿದ್ದಾಗಲೇ ಅವನ್ನು ಆಡು ಕುರಿಗಳ ಮಧ್ಯೆ ಬಿಡುತ್ತಾರೆ. ನಾಯಿ ಜೋರಾಗಿ ಬೊಗಳಿ ಅಡ್ಡ ನಿಂತರೆ ಸಾಕು, ಚೀತಾ ಜಾಗ ಖಾಲಿ ಮಾಡುತ್ತದೆ. ಗಾಯವಾದರೆ ಓಡುವುದಕ್ಕಾಗಲ್ಲ, ಓಡದಿದ್ದರೆ ಊಟವಿಲ್ಲ. ಹಾಗಾಗಿ ಜಗಳಕ್ಕೆ ನಿಲ್ಲುವ ಪ್ರಾಣಿಯೇ ಅಲ್ಲ ಅದು.

ನನಗೆ ಹಿಡಿಸಿದ್ದು ಕ್ಯಾಮೆರಾ ಕೆಲಸ. ಚೀತಾಗಳು ಕೆಲವು ಮರಗಳಿಗೆ ಮತ್ತೆ ಮತ್ತೆ ಬಂದು ವಾಸನೆ ಗುರುತು ಬಿಟ್ಟುಹೋಗುತ್ತವೆ. ಅಂಥ ಮರದ ಎರಡೂ ಬದಿಗೆ, ಏನಾದರೂ ಅಲ್ಲಾಡಿದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಕಟ್ಟಬೇಕು. ಯಾಕೆಂದರೆ ಒಂದೇ ಚೀತಾದ ಎಡಮೈ ಚುಕ್ಕೆ ಬೇರೆ, ಬಲಮೈ ಚುಕ್ಕೆ ಬೇರೆ. ಮೆಮೊರಿ ಕಾರ್ಡ್ ತಂದು ನೋಡಿದರೆ ಗಾಳಿಗೆ ಅಲ್ಲಾಡಿದ ಹುಲ್ಲು, ನರಿ, ಕಾಡುಹಂದಿ, ಮತ್ತೆ ಹುಲ್ಲು. ಬೇಜಾರು ಹಿಡಿಯುವ ಹೊತ್ತಿಗೆ ಒಂದು ಚೀತಾ. ಆಮೇಲೆ ಅದು ಯಾವ ಚೀತಾ ಅಂತ ತಿಳಿಯಲು ತೊಡೆಯ ಚುಕ್ಕೆ, ಬಾಲದ ಪಟ್ಟೆ ಹೋಲಿಸುತ್ತಾ ಹಳೇ ಫೋಟೊಗಳಲ್ಲಿ ಹುಡುಕುತ್ತಾ ಕೂರುವುದು. ತಾಳ್ಮೆ ಇರುವವರಿಗೆ ಇದರಷ್ಟು ಮಜಾ ಇನ್ನೊಂದಿಲ್ಲ.

ಸಸ್ಯಾಹಾರಿಗಳು ಹೊರಡುವ ಮೊದಲೇ ಯೋಚಿಸಿ. ತಿನ್ನುವುದಕ್ಕೆ ಏನಾದರೂ ಸಿಗುತ್ತದೆ, ಮೊದಲೇ ಹೇಳಿಡಿ. ಹಸಿ ಮಾಂಸದ ಬಕೆಟ್ ಮುಟ್ಟುವುದನ್ನು ಮಾತ್ರ ತಪ್ಪಿಸಿಕೊಳ್ಳುವುದು ಕಷ್ಟ.

ಬೇರೆ ಸಂಸ್ಥೆ ಹುಡುಕುವವರು ಒಂದೇ ಪ್ರಶ್ನೆ ಕೇಳಿ: ಮರಿಗಳನ್ನು ಮುದ್ದಾಡಬಹುದಾ? ಹೌದು ಅಂದರೆ ಅಲ್ಲಿಗೇ ಬಿಟ್ಟುಬಿಡಿ. ದಕ್ಷಿಣ ಆಫ್ರಿಕಾದಲ್ಲಿ ಹೀಗೆ ಮುದ್ದಾಡಿಸಿಕೊಂಡ ಸಿಂಹದ ಮರಿಗಳು ದೊಡ್ಡವಾದ ಮೇಲೆ ಬೇಲಿಯೊಳಗೆ ಕೂಡಿಹಾಕಿ ನಡೆಸುವ ಶಿಕಾರಿಗೆ ಬಲಿಯಾದದ್ದುಂಟು.

ಬೆಂಗಳೂರಿನಿಂದ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ಗೆ ನೇರ ವಿಮಾನವಿಲ್ಲ. ಇಡೀ ದಾರಿಗೆ ಒಂದೇ ಟಿಕೆಟ್ ಮಾಡಿಸಿ. ಜೊಹಾನ್ಸ್‌ಬರ್ಗ್‌ನಲ್ಲಿ ಬ್ಯಾಗ್ ತೆಗೆದುಕೊಳ್ಳಲು ಹೊರಗೆ ಬರಬೇಕಾದರೆ ದಕ್ಷಿಣ ಆಫ್ರಿಕಾದ ವೀಸಾ ಬೇಕಾಗುತ್ತದೆ. ಇಥಿಯೋಪಿಯಾದ ಅಡಿಸ್ ಅಬಾಬಾ ಮೇಲೆ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡುಬಿಡುವುದು ಒಳ್ಳೆಯದು. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಬೇಕು. ಮಲೇರಿಯಾ ಮಾತ್ರೆ ಬೇಕಾ ಅಂತ ಲಸಿಕೆ ಹಾಕುವ ಡಾಕ್ಟರನ್ನೇ ಕೇಳಿ.

ಜೂನ್‌ನಿಂದ ಆಗಸ್ಟ್‌ವರೆಗೆ ಒಣ ಚಳಿಗಾಲ. ಹುಲ್ಲು ಕಡಿಮೆ, ಪ್ರಾಣಿ ಚೆನ್ನಾಗಿ ಕಾಣುತ್ತವೆ. ಆಫ್ರಿಕಾ ಅಂತ ಬರೀ ಟೀ ಶರ್ಟ್ ತುಂಬಿಕೊಂಡು ಹೋಗಬೇಡಿ, ಬೆಳಗಿನ ಜಾವ ಸೊನ್ನೆ ಡಿಗ್ರಿಗೂ ಇಳಿಯುತ್ತದೆ. ಟೋಪಿ, ದಪ್ಪ ಜಾಕೆಟ್, ಮುಳ್ಳು ತಡೆಯುವ ಶೂ ಇರಲಿ. ಪ್ಲಗ್ ಮಾತ್ರ ನಮ್ಮ ಮನೆಯ ಗೀಸರ್‌ನ ದಪ್ಪ ಮೂರು ಪಿನ್ನಿನದೇ. ಫೋನ್ ಚಾರ್ಜರ್‌ಗೆ ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ. ದಕ್ಷಿಣ ಆಫ್ರಿಕಾದ ರ‍್ಯಾಂಡ್ ನೋಟು ಅಲ್ಲಿ ನಮೀಬಿಯಾ ಡಾಲರ್‌ನಷ್ಟೇ ಬೆಲೆಗೆ ನಡೆಯುತ್ತದೆ.